ಸಮಾನ ಅಯಾನು ಪರಿಣಾಮ

ದುರ್ಬಲ ಆಮ್ಲ, ದುರ್ಬಲ ಪ್ರತ್ಯಾಮ್ಲ ಅಥವಾ ಅಲ್ಪವಿಲೇಯ ಲವಣದ ದ್ರಾವಣಕ್ಕೆ, ಅದರ ಅಯಾನುಗಳಲ್ಲಿ ಒಂದನ್ನು ಒದಗಿಸುವ ಮತ್ತೊಂದು ವಸ್ತುವನ್ನು ಸೇರಿಸಿದಾಗ ಮೊದಲಿನ ವಸ್ತುವಿನ ವಿಯೋಜನೆ ಅಥವಾ ವಿಲೇಯತೆ ಕಡಿಮೆಯಾಗುವುದನ್ನು ಸಮಾನ ಅಯಾನು ಪರಿಣಾಮ ಎಂದು ಕರೆಯಲಾಗುತ್ತದೆ. ಎರಡೂ ವಸ್ತುಗಳಲ್ಲಿ ಇರುವ ಅಯಾನೇ ಸಮಾನ ಅಯಾನು.

ಕಾರಣ

ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಹೆನ್ರಿ ಲೂಯಿ ಲೆ ಶಾಟೆಲಿಯೆ 1884ರಲ್ಲಿ ಮಂಡಿಸಿದ ತತ್ತ್ವದಂತೆ, ಸಮತೋಲನದಲ್ಲಿರುವ ವ್ಯವಸ್ಥೆಯಲ್ಲಿ ಬದಲಾವಣೆಯನ್ನು ಉಂಟುಮಾಡಿದರೆ ಅದನ್ನು ಕುಗ್ಗಿಸುವ ದಿಕ್ಕಿಗೆ ಸಮತೋಲನವು ಸರಿಯುತ್ತದೆ. ಅಯಾನಿನ ಸಾರತೆ ಹೆಚ್ಚಿದಾಗ ಅಯಾನುಗಳು ಮರಳಿ ಕೂಡಿಕೊಳ್ಳುವ ಹಿಮ್ಮುಖ ಕ್ರಿಯೆ ಮುಂದಾಗುತ್ತದೆ. ಇಲ್ಲಿ ಬದಲಾಗುವುದು ಸಮತೋಲನದ ಸ್ಥಾನವೇ ಹೊರತು, ಉಷ್ಣತೆ ಒಂದೇ ಇರುವವರೆಗೆ ಸಮತೋಲನ ಸ್ಥಿರಾಂಕವಲ್ಲ.

ಉದಾಹರಣೆ

ವಿನೆಗರ್‌ನಲ್ಲಿರುವ ಅಸಿಟಿಕ್ ಆಮ್ಲವು ದುರ್ಬಲ ಆಮ್ಲ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅದರ ವಿಯೋಜನ ಸ್ಥಿರಾಂಕ ಸುಮಾರು 1.8×10⁻⁵. ಲೀಟರಿಗೆ 0.1 ಮೋಲ್ ಸಾರತೆಯ ದ್ರಾವಣದಲ್ಲಿ ಶೇಕಡಾ 1.3ರಷ್ಟು ಅಣುಗಳು ಮಾತ್ರ ಅಯಾನುಗಳಾಗಿರುತ್ತವೆ; ಪಿಎಚ್ ಸುಮಾರು 2.9. ಇದೇ ದ್ರಾವಣದಲ್ಲಿ ಸೋಡಿಯಂ ಅಸಿಟೇಟ್ ಕೂಡ ಲೀಟರಿಗೆ 0.1 ಮೋಲ್ ಇರುವಂತೆ ಬೆರೆಸಿದರೆ, ಅಸಿಟೇಟ್ ಅಯಾನು ಹೇರಳವಾಗಿ ವಿಯೋಜನೆಯು ಶೇಕಡಾ 0.018ಕ್ಕೆ ಇಳಿಯುತ್ತದೆ, ಪಿಎಚ್ ಸುಮಾರು 4.7ಕ್ಕೆ ಏರುತ್ತದೆ. ಆಮ್ಲದ ಮೊತ್ತ ಅಷ್ಟೇ ಇದ್ದರೂ ಹೈಡ್ರೋಜನ್ ಅಯಾನುಗಳು ಎಪ್ಪತ್ತು ಪಟ್ಟಿಗೂ ಹೆಚ್ಚು ಕಡಿಮೆಯಾಗುತ್ತವೆ. ಇಂತಹ ಮಿಶ್ರಣವು ಬಫರ್ ದ್ರಾವಣವಾಗಿ ವರ್ತಿಸುತ್ತದೆ.

ಲವಣ ವಿಶ್ಲೇಷಣೆಯಲ್ಲಿ ಬಳಕೆ

ಲವಣ ವಿಶ್ಲೇಷಣೆಯ ಮೂರನೆಯ ಗುಂಪಿನ ಪರೀಕ್ಷೆಯಲ್ಲಿ ಅಮೋನಿಯಂ ಹೈಡ್ರಾಕ್ಸೈಡ್‌ಗೆ ಮೊದಲು ಅಮೋನಿಯಂ ಕ್ಲೋರೈಡನ್ನು ಸೇರಿಸಲಾಗುತ್ತದೆ. ಅಮೋನಿಯಂ ಎಂಬ ಸಮಾನ ಅಯಾನು ಹೈಡ್ರಾಕ್ಸೈಡ್ ಅಯಾನುಗಳನ್ನು ಮಿತಿಯಲ್ಲಿಡುತ್ತದೆ. ಆ ಅಲ್ಪ ಸಾರತೆಯೇ ಕಬ್ಬಿಣ, ಅಲ್ಯೂಮಿನಿಯಂ ಮತ್ತು ಕ್ರೋಮಿಯಂಗಳನ್ನು ಪ್ರಕ್ಷೇಪಿಸಲು ಸಾಕು. ಮೆಗ್ನೀಸಿಯಂ ದ್ರಾವಣದಲ್ಲಿಯೇ ಉಳಿಯುತ್ತದೆ. ಈ ಹಂತವನ್ನು ಬಿಟ್ಟರೆ ಮೆಗ್ನೀಸಿಯಂ ಹೈಡ್ರಾಕ್ಸೈಡ್ ಕೂಡ ಬಿಳಿಯ ಪ್ರಕ್ಷೇಪವಾಗಿ ಇಳಿಯಬಹುದು. ಅದನ್ನು ಬಿಳಿಯದೇ ಆದ ಅಲ್ಯೂಮಿನಿಯಂ ಹೈಡ್ರಾಕ್ಸೈಡ್ ಎಂದು ಭ್ರಮಿಸಿದರೆ ಮುಂದಿನ ನಿರ್ಣಯವೆಲ್ಲ ತಪ್ಪುತ್ತದೆ.

ಎರಡನೆಯ ಗುಂಪಿನಲ್ಲಿ ಹೈಡ್ರೋಕ್ಲೋರಿಕ್ ಆಮ್ಲವು ಹೈಡ್ರೋಜನ್ ಸಲ್ಫೈಡ್‌ನ ವಿಯೋಜನೆಯನ್ನು ತಡೆಯುತ್ತದೆ. ಇದರಿಂದ ತಾಮ್ರದ ಸಲ್ಫೈಡ್ ಪ್ರಕ್ಷೇಪಗೊಳ್ಳುತ್ತದೆ, ಸತುವು ದ್ರಾವಣದಲ್ಲಿ ಉಳಿಯುತ್ತದೆ.

ಮಿತಿ

ಸಮಾನ ಅಯಾನನ್ನು ಹೆಚ್ಚಿಸಿದಷ್ಟೂ ವಿಲೇಯತೆ ಇಳಿಯುತ್ತಲೇ ಹೋಗುವುದಿಲ್ಲ. ಸಿಲ್ವರ್ ಕ್ಲೋರೈಡ್‌ನ ವಿಲೇಯತೆಯನ್ನು ಸ್ವಲ್ಪ ಕ್ಲೋರೈಡ್ ತಗ್ಗಿಸುತ್ತದೆ. ಆದರೆ ಕ್ಲೋರೈಡ್ ಅತಿಯಾದರೆ ವಿಲೇಯವಾದ ಸಂಕೀರ್ಣ ಅಯಾನು ಉಂಟಾಗಿ, ಪ್ರಕ್ಷೇಪವು ಮತ್ತೆ ಕರಗತೊಡಗುತ್ತದೆ. ಮೊದಲನೆಯ ಗುಂಪಿನ ಪರೀಕ್ಷೆಗೆ ಸಾರರಿಕ್ತ ಹೈಡ್ರೋಕ್ಲೋರಿಕ್ ಆಮ್ಲವನ್ನೇ ಬಳಸಲು ಇದೂ ಒಂದು ಕಾರಣ.