ತಾತ್ಪೂರ್ತಿಕ ಮನಿ

ಹೋದ ತಿಂಗಳ ನಮ್ಮ ಬಾಜೂ ಮನಿ ವೈನಿಯವರು ಹಿತ್ತಲದಾಗ ಬಗ್ಗಿ ನೋಡಿ ಕೇಳಿದ್ರು, "ಏನ್ರೀ, ಮನೀನ ಛತ್ರ ಮಾಡೀರೇನು? ಹೋದ ವರ್ಷ ಬಿಳೀದಿತ್ತು, ಈಗ ಕರೀದು ಬಂದದ. ಇಟಗೊಳ್ಳೂದಾದ್ರ ಕಾಯಂ ಇಟಗೋರಿ, ಇಲ್ಲಾಂದ್ರ ತರಬ್ಯಾಡ್ರಿ. ನಾಕ ದಿನ ಸಾಕಿ ಮಂದಿಗೆ ಕೊಡೂದು ಇದ್ಯಾವ ರೀತಿ?"

ನಾ ನಕ್ಕು ಸುಮ್ನಾದೆ. ಖರೆ ಅಂದ್ರ ಆವತ್ತ ನನ್ನ ಕಡೆ ಉತ್ತರ ಇರಲಿಲ್ಲ. ಬೀದ್ಯಾಗ ಸಿಕ್ಕ ಮರಿನ ಮನಿಗೆ ತಂದು, ಉಣಿಸಿ, ಲಸಿಕಿ ಹಾಕಿಸಿ, ಒಳ್ಳೆ ಮನಿ ಸಿಕ್ಕಕೂಡ್ಲೆ ಕೊಟ್ಟುಬಿಡೂದು. ನನ್ನ ಮಗಳು ಇದಕ್ಕ 'ಫಾಸ್ಟರ್' ಅಂತಾಳ. ಹೊಸಾ ಫ್ಯಾಶನ್ನು ಅಂತ ನಾನೂ ತಿಳದಿದ್ದೆ. ಆಮ್ಯಾಲೆ ಒಂದಿಷ್ಟು ಓದಿದೆ. ವೈನಿ ಕೇಳಿದಂಥಾ ಪ್ರಶ್ನೆ 1860ರಾಗ ಲಂಡನ್ನಿನ ಪೇಪರಿನವರೂ ಕೇಳಿ, ಭಾಳ ಕುಚೇಷ್ಟೆ ಮಾಡಿದ್ರಂತ.

ಅವರು ಕುಚೇಷ್ಟೆ ಮಾಡಿದ್ದು ಮೇರಿ ಟೀಲ್ಬಿ ಅನ್ನೋ ಬಾಯಿಯವರಿಗೆ. ಗಂಡನ್ನ ಬಿಟ್ಟು ತವರಿನವರ ಜೋಡಿ ಇದ್ದಾಕಿ, ರೊಕ್ಕಸ್ತರೇನಲ್ಲ. ಗೆಳತಿ ಸಾರಾ ಮೇಜರ್ ಅವರ ಮನ್ಯಾಗ ಬೀದ್ಯಾಗ ಸಿಕ್ಕ ಒಂದು ಉಪಾಸ ನಾಯಿನ ಆರೈಕೆ ಮಾಡಿದ್ರು, ಅದು ಉಳೀಲಿಲ್ಲ. ಅಲ್ಲಿಂದ ಮೇರಿಬಾಯಿ ತಮ್ಮ ಮನ್ಯಾಗ ಪಾತ್ರಿ ತಿಕ್ಕೋ ಜಾಗಾದಾಗ ಒಂದೊಂದ ನಾಯಿ ತಂದು ಇಟಗೊಳ್ಳಿಕ್ಕೆ ಹತ್ತಿದ್ರು. ಜಾಗಾ ಸಾಲದಾಗ ಹಾಲೋವೇ ಅನ್ನೋ ಭಾಗದಾಗ ಒಂದು ಕುದರಿ ಲಾಯ ಹಿಡದ್ರು. ಅದಕ್ಕ ಇಟ್ಟ ಹೆಸರು ನೋಡ್ರಿ: ಕಳಕೊಂಡ ಮತ್ತ ಹಸಗೊಂಡ ನಾಯಿಗಳ ತಾತ್ಪೂರ್ತಿಕ ಮನಿ. 'ತಾತ್ಪೂರ್ತಿಕ' ಅಂತ ಹೆಸರಿನಾಗ ಬರದಾರ! ಇಟಗೊಳ್ಳಿಕ್ಕೆ ತಂದಿದ್ದಲ್ಲ, ದಾಟಸಲಿಕ್ಕೆ ತಂದಿದ್ದು ಅಂತ ಆ ಬಾಯಿಗೆ ಮದಲೇ ಗೊತ್ತಿತ್ತು. ಮನಷ್ಯಾರಿಗೇ ಅನ್ನ ಇಲ್ಲ, ನಾಯಿಗೆ ಮನಿ ಯಾಕ ಅಂತ ಮಂದಿ ಅಂದ್ರು. ಎರಡ ವರ್ಷಕ್ಕ, 1862ರಾಗ, ಡಿಕನ್ಸ್ ನಡಸತಿದ್ದ ಪತ್ರಿಕಾದಾಗ ಹೊಗಳಿ ಬರದ್ರು. ಮೇರಿಬಾಯಿ ಮಾತ್ರ 1865ರಾಗ ತೀರಿಕೊಂಡ್ರು. 1871ರಾಗ ಆ ಮನಿ ಬ್ಯಾಟರ್ಸೀಗೆ ಹೋತು, ಇವತ್ತಿಗೂ ನಡದದ.

ಇದರ ಮುಂದಿನ ಮಾತು ಓದಿ ನನಗ ಎರಡ ದಿನ ಊಟ ಸೇರಲಿಲ್ಲ. 1939ರ ಸಪ್ಟೆಂಬರದಾಗ ಯುದ್ಧ ಸುರು ಆತು. ಸಾಕಿದ ಪ್ರಾಣಿನ ಹಳ್ಳಿಗೆ ಕಳಸರಿ, ನೆರಿಯವರ ಕಡೆ ಬಿಡಲಿಕ್ಕೆ ಆಗದಿದ್ರ ಕೊಲ್ಲಸೂದೇ ದಯಾ ಅಂತ ಅಲ್ಲಿ ಒಂದು ಸರಕಾರಿ ಸೂಚನಾಪತ್ರ ಹೊಂಟಿತ್ತು. ಜನ ಹೆದರಿ ಸಾಲ ಹಚ್ಚಿದ್ರು. ಲಂಡನ್ ಒಂದರಾಗ ಮದಲನೇ ವಾರದಾಗ ಸುಮಾರು 4 ಲಕ್ಷ ನಾಯಿ-ಬೆಕ್ಕು ಹೋದವು. ದೊಡ್ಡ ಬಾಂಬ್ ದಾಳಿ ಆಗಿದ್ದು ಮುಂದ ಒಂದ ವರ್ಷಕ್ಕ, 1940ರ ಸಪ್ಟೆಂಬರದಾಗ!

ಅದರಾಗೂ ಕೆಲವರು ಬಾಗಲಾ ತೆರದ್ರು. ಹ್ಯಾಮಿಲ್ಟನ್ನಿನ ಡಚೆಸ್ ನೀನಾ ಅಂತ, ನಮ್ಮ ಕಡೆ ಸಂಸ್ಥಾನದ ರಾಣಿಸಾಹೇಬ್ರು ಇದ್ದಂಗ, ವಿಲ್ಟ್‌ಶೈರದಾಗಿನ ಫರ್ನ್ ಅನ್ನೋ ತಮ್ಮ ವಾಡೇನ ಲಂಡನ್ನಿನ ಪ್ರಾಣಿಗಳಿಗೆ ಬಿಟ್ಟುಕೊಟ್ರು. ಆದ್ರ ನನಗ ರಾಣಿಸಾಹೇಬ್ರಕಿಂತ ಆ ಸೂಚನಾಪತ್ರದಾಗಿನ 'ನೆರಿಯವರು' ಅನ್ನೋ ಮಾತೇ ಕಾಡತದ. ಒಂದ ವರ್ಷ ನೆರಿಮನಿಯವರು ಇಟಗೊಂಡಿದ್ರ ಎಷ್ಟ ಜೀವ ಉಳೀತಿದ್ವು, ಲೆಕ್ಕಾ ಹಾಕ್ರಿ.

ನಮ್ಮ ದೇಶದ ಕಥಿನೂ ಹಿಂಗ ಮನಿಯಿಂದನ ಸುರು. ಉಷಾ ಸುಂದರಂ ಬೆಂಗಳೂರಿನ ಜಕ್ಕೂರದಾಗ ವಿಮಾನ ಹಾರಸೂದು ಕಲತವರು. ಗಂಡ ಕ್ಯಾಪ್ಟನ್ ಸುಂದರಂ ಮೈಸೂರು ಮಹಾರಾಜರ ಪೈಲಟ್. 1951ರಾಗ ಗಂಡ ಹೆಂಡತಿ ಕೂಡಿ ಲಂಡನ್ನಿಂದ ಮುಂಬೈಗೆ ಸುಮಾರು 27 ತಾಸಿನಾಗ ವಿಮಾನ ತಂದು ದಾಖಲೆ ಮಾಡಿದ್ರು. ಅಂಥಾವರು 1959ರಾಗ ಮದ್ರಾಸಿನ ಮಳಿನೀರಾಗ ಒದ್ದಾಡತಿದ್ದ ನಾಯಿಮರಿ ಎತಗೊಂಡು ಮನಿಗೆ ತಂದ್ರು. ಅದೇ ಮುಂದ 'ಬ್ಲೂ ಕ್ರಾಸ್ ಆಫ್ ಇಂಡಿಯಾ' ಆತು. ಕ್ಯಾಪ್ಟನ್ ಸ್ಥಾಪನಾ ಮಾಡಿದ್ರು ಅಂತ ಎಲ್ಲಾರೂ ಬರೀತಾರ. ಹಸೀ ಮರಿ ಮೈ ಯಾರ ಒರಸಿದ್ರು, ರಾತ್ರಿ ಮೂರಕ್ಕ ಯಾರ ಎದ್ದು ಹಾಲು ಬೆಚ್ಚಗ ಮಾಡಿದ್ರು ಅನ್ನೋದು ಎಲ್ಲೂ ಇತಿಹಾಸದಾಗ ಬರೂದಿಲ್ಲ. ಬೆಂಗಳೂರಿನ 'ಕುಪಾ' ಕಟ್ಟಿದ ಕ್ರಿಸ್ಟಲ್ ರಾಜರ್ಸ್ ಅವರಂತೂ 1959ರಾಗ ನಮ್ಮ ದೇಶಕ್ಕ ಬಂದ ಇಂಗ್ಲಂಡಿನಾಕಿ. ದಿಲ್ಲಿ, ಜೈಪುರ ಮುಗಿಸಿ, 1991ರಾಗ ಮುಪ್ಪಿನ ಕಾಲದಾಗ ಬೆಂಗಳೂರಾಗ ಮತ್ತ ಹೊಸದಾಗಿ ಸುರು ಮಾಡಿದ್ರು.

ಇಷ್ಟೆಲ್ಲಾ ಸಂಸ್ಥಾ ಇದ್ದ ಮ್ಯಾಲೆ ನಮ್ಮ ಬಚ್ಚಲದಾಗ ಯಾಕ ನಾಯಿ ಅಂತ ನಮ್ಮ ಅತ್ತಿಯವರು ಕೇಳಿದ್ರು. ಡಾಕ್ಟರು ತಿಳಿಸಿ ಹೇಳಿದ್ರು. ಪಾರ್ವೊ ಅಂತ ಒಂದು ರೋಗ ಅದ, 1978ರ ಸುಮಾರಿಗೆ ಜಗತ್ತಿನಾಗೆಲ್ಲಾ ಹಬ್ಬಿತು. ವಾಂತಿ, ರಕ್ತ ಭೇದಿ. ಲಸಿಕಿ ಆಗದ ಮರಿ ಎರಡ ಮೂರ ದಿನದಾಗ ಹೋಗಿಬಿಡಬಹುದು. ಅದರ ವಿಷಾಣು ನೆಲದಾಗ ತಿಂಗಳಗಟ್ಟಲೆ ಇರತದ. ನೂರಾರು ನಾಯಿ ಬಂದು ಹೋಗೂ ಜಾಗಾದಾಗ ಸಣ್ಣ ಮರಿ ಇಡೂದು ಅಂದ್ರ ಜೂಜು. ಅದಕ್ಕ ಲಸಿಕಿ ಮುಗಿಯೂ ತನಕ ಬ್ಯಾರೆ ನಾಯಿ ಇಲ್ಲದ ಮನಿ ಬೇಕು.

ಈಗ ಬಿಳೀದರ ಮಾತು. ಇದನ್ನ ನಿಮಗ ಯಾರಿಗೂ ಹೇಳಿಲ್ಲ. ಹೋದ ವರ್ಷ ಗುಂಡ್ಯಾನ್ನ ಬರೇ ಫೋನಿನಾಗ ಮಾತಾಡಿ ಕೊಟ್ಟೆ. ಅವರ ಮನಿ ನೋಡಲಿಲ್ಲ, ಮಂದಿ ನೋಡಲಿಲ್ಲ. ನನಗೂ ಮದವಿ ಗಡಿಬಿಡಿ ಇತ್ತು, ಹೋದ್ರ ಸಾಕಾಗಿತ್ತು. ಮೂರ ತಿಂಗಳಿಗೆ ಅವರು ಮನಿ ಬದಲಿ ಮಾಡೋವಾಗ ಅದನ್ನ ಹಳೇ ಓಣ್ಯಾಗ ಬಿಟ್ಟು ಹೋದ್ರಂತ ಸುದ್ದಿ ಬಂತು. ನಾನೂ ಮಗಳೂ ನಾಕ ದಿನ ಹುಡಕಿದಿವಿ. ಸಿಗಲಿಲ್ಲ. ಅವರಿಗೆ ಬಯ್ಯಲಿಕ್ಕೆ ಬಾಯಿ ಬರತದ, ಆದ್ರ ಕೊಟ್ಟಾಕಿ ನಾನು. ಹುಡುಗಿ ಕೊಡೋವಾಗ ಏಳ ಮಂದಿ ಕಡೆ ವಿಚಾರಸತೀವಿ, ಇದಕ್ಕ ಒಬ್ಬರನ್ನೂ ಕೇಳಲಿಲ್ಲ.

ಈ ಸಲ ಕರಿಯಾಂದು ಹಂಗ ಮಾಡಿಲ್ಲ. ಹುಬ್ಬಳ್ಳಿಯವರು ಕೇಳ್ಯಾರ. ನಾನೇ ಬಸ್ ಹತ್ತಿ ಹೋಗಿ ಅವರ ಮನಿ ನೋಡಿ ಬಂದೆ. ಕಂಪೌಂಡ ಅದ, ಹಗಲೊತ್ತು ಅಜ್ಜಿ ಮನ್ಯಾಗ ಇರತಾರ. ಊರಿಗೆ ಹೋದ್ರ ನಾಯಿ ಯಾರ ನೋಡಕೋತಾರ ಅಂತ ಕೇಳಿದ್ದಕ್ಕ ಆ ಅಜ್ಜಿ ನನ್ನ ಮಾರಿನ ನೋಡಿದ್ರು. "ಅದನ್ನ ಬಿಟ್ಟು ನಾ ಯಾಕ ಹೋಗಲಿ" ಅಂದ್ರು. ಅಷ್ಟ ಸಾಕಾತು ನನಗ. ಮುಂದ ಇಟಗೊಳ್ಳಿಕ್ಕೆ ಆಗದಿದ್ರ ತಿರುಗಿ ನಮಗ ಕೊಡಬೇಕು ಅಂತ ಒಂದ ಹಾಳಿ ಮ್ಯಾಲೆ ಬರಿಸಿಕೊಂಡೀನಿ.

ಅತ್ತಿಯವರು ಎರಡ ದಿನದಿಂದ ಮಾತಾಡವಲ್ರು. ಛತ್ರ ಅಂತ ಬಯ್ಯಾವರೇ ಈಗ ಮೊಸರನ್ನ ಕಲಸಿ ಹಾಕತಾರ, "ಇದೊಂದು ಇರ್ಲಿ" ಅಂತಾರ. ಇದು ಇದ್ರ ಮುಂದಿನದಕ್ಕ ಜಾಗಾ ಎಲ್ಲಿ ಅಂದೆ. ಉತ್ತರ ಕೊಡಲಿಲ್ಲ. ರಾತ್ರಿ ಅದು ಮಲಗೂ ಹಳೇ ಇಳಕಲ್ ಸೀರಿ ತುಂಡನ್ನ ತಾವೇ ಮಡಚಿ ಚೀಲದಾಗ ಇಟ್ಟಾರ. ತಿಳದ ವಾಸನಿ ಇದ್ರ ಹೊಸ ಜಾಗಾದಾಗ ಅಳೂದಿಲ್ಲಂತ.

ಐತವಾರ ಮುಂಜಾನೆ ಹತ್ತಕ್ಕ ಅವರು ಬರತಾರ. ವೈನಿಯವರ, ನೀವೂ ಬರ್ರಿ. ಅವಲಕ್ಕಿ ಹಚ್ಚತೀನಿ.