ಯೂಕ್ಯಾರಿಯೋಟ್ ಕೋಶಗಳಲ್ಲಿ ಪ್ರೋಟೀನ್ ಸಂಶ್ಲೇಷಣೆ

ಪ್ರೋಟೀನ್ ಸಂಶ್ಲೇಷಣೆ ಎಂದರೆ ವಂಶವಾಹಿಯಲ್ಲಿ ಅಡಕವಾಗಿರುವ ಮಾಹಿತಿಗೆ ಅನುಗುಣವಾಗಿ ಜೀವಕೋಶವು ಅಮೈನೋ ಆಮ್ಲಗಳನ್ನು ಜೋಡಿಸಿ ಪ್ರೋಟೀನನ್ನು ತಯಾರಿಸುವ ಕ್ರಿಯೆ. ಪ್ರಾಣಿ, ಸಸ್ಯ, ಶಿಲೀಂಧ್ರ ಮೊದಲಾದ ಯೂಕ್ಯಾರಿಯೋಟ್‌ಗಳಲ್ಲಿ ಇದು ಮುಖ್ಯವಾಗಿ ಎರಡು ಹಂತಗಳಲ್ಲಿ ನಡೆಯುತ್ತದೆ: ಕೋಶಕೇಂದ್ರದಲ್ಲಿ ಲಿಪ್ಯಂತರಣ, ಕೋಶದ್ರವ್ಯದಲ್ಲಿ ಭಾಷಾಂತರಣ. ಬ್ಯಾಕ್ಟೀರಿಯಾಗಳಲ್ಲಿ ಕೋಶಕೇಂದ್ರವಿಲ್ಲದಿರುವುದರಿಂದ ಈ ಎರಡೂ ಹಂತಗಳು ಒಟ್ಟಿಗೇ ಸಾಗಬಲ್ಲವು.

ಲಿಪ್ಯಂತರಣ

ಆರ್.ಎನ್.ಎ ಪಾಲಿಮರೇಸ್ 2 ಎಂಬ ಕಿಣ್ವವು ಡಿ.ಎನ್.ಎಯ ಒಂದು ಎಳೆಯನ್ನು ಅಚ್ಚಾಗಿ ಬಳಸಿ ಪೂರ್ವ ಆರ್.ಎನ್.ಎಯನ್ನು ರಚಿಸುತ್ತದೆ. ಇದರ ಒಂದು ತುದಿಗೆ ರಕ್ಷಣಾತ್ಮಕ ಟೋಪಿಯೂ ಇನ್ನೊಂದು ತುದಿಗೆ ಅಡಿನೀನ್‌ಗಳ ಬಾಲವೂ ಸೇರುತ್ತವೆ. ಸಂಕೇತವಿಲ್ಲದ ಇಂಟ್ರಾನ್ ಭಾಗಗಳು ಕತ್ತರಿಸಲ್ಪಟ್ಟು, ಎಕ್ಸಾನ್‌ಗಳು ಬೆಸೆದುಕೊಳ್ಳುತ್ತವೆ. ಹೀಗೆ ಪಕ್ವವಾದ ಸಂದೇಶವಾಹಕ ಆರ್.ಎನ್.ಎ ಕೋಶಕೇಂದ್ರದ ಪೊರೆಯ ರಂಧ್ರಗಳ ಮೂಲಕ ಹೊರಬರುತ್ತದೆ.

ಭಾಷಾಂತರಣ

ಯೂಕ್ಯಾರಿಯೋಟ್‌ಗಳ ರೈಬೋಸೋಮ್ 80ಎಸ್ ಗಾತ್ರದ್ದು. 40ಎಸ್ ಮತ್ತು 60ಎಸ್ ಇದರ ಉಪಘಟಕಗಳು. ಚಿಕ್ಕ ಉಪಘಟಕವು ಸಾಮಾನ್ಯವಾಗಿ ಟೋಪಿಯ ಬಳಿಯಿಂದ ಸಂದೇಶವನ್ನು ಪರಿಶೀಲಿಸುತ್ತ ಸಾಗಿ, ಆರಂಭ ಸಂಕೇತವಾದ ಎ.ಯು.ಜಿ ದೊರೆತಾಗ ನಿಲ್ಲುತ್ತದೆ. ಆಗ ದೊಡ್ಡ ಉಪಘಟಕವು ಬಂದು ಕೂಡಿಕೊಳ್ಳುತ್ತದೆ. ಮೂರು ಅಕ್ಷರಗಳ 64 ಸಂಕೇತಗಳಲ್ಲಿ 61 ಸಂಕೇತಗಳು 20 ಅಮೈನೋ ಆಮ್ಲಗಳನ್ನು ಸೂಚಿಸುತ್ತವೆ. ಉಳಿದ ಮೂರು ಮುಕ್ತಾಯ ಸಂಕೇತಗಳು. ವರ್ಗಾವಣಾ ಆರ್.ಎನ್.ಎಗಳು ತಂದ ಅಮೈನೋ ಆಮ್ಲಗಳು ಪೆಪ್ಟೈಡ್ ಬಂಧದಿಂದ ಒಂದೊಂದಾಗಿ ಸರಪಳಿಗೆ ಸೇರುತ್ತವೆ. ಮುಕ್ತಾಯ ಸಂಕೇತ ಬಂದಾಗ ವಿಮೋಚನಾ ಅಂಶಗಳು ಸರಪಳಿಯನ್ನು ಬಿಡುಗಡೆ ಮಾಡುತ್ತವೆ.

ಗುಲಗಂಜಿಯ ವಿಷ

ಈ ಕ್ರಿಯೆ ನಿಂತರೆ ಕೋಶವು ಸಾಯುತ್ತದೆ. ಹಿಂದೆ ಚಿನ್ನ ತೂಗಲು ಬಳಸುತ್ತಿದ್ದ ಗುಲಗಂಜಿ ಬೀಜದಲ್ಲಿರುವ ಅಬ್ರಿನ್ ಇದಕ್ಕೆ ನಿದರ್ಶನ. ಅಬ್ರಿನ್‌ನ ಬಿ ಸರಪಳಿಯು ಕೋಶದ ಮೇಲ್ಮೈಯ ಗ್ಯಾಲಕ್ಟೋಸ್ ಸಕ್ಕರೆಗೆ ಅಂಟಿಕೊಂಡು ಒಳಪ್ರವೇಶಕ್ಕೆ ನೆರವಾಗುತ್ತದೆ. ಎ ಸರಪಳಿಯು ದೊಡ್ಡ ಉಪಘಟಕದ 28ಎಸ್ ಆರ್.ಎನ್.ಎಯಿಂದ ಒಂದೇ ಒಂದು ಅಡಿನೀನನ್ನು ಕಿತ್ತುಹಾಕುತ್ತದೆ. ಇದರಿಂದ ಸರಪಳಿಯನ್ನು ಬೆಳೆಸುವ ಅಂಶಗಳು ರೈಬೋಸೋಮ್‌ನೊಂದಿಗೆ ಸರಿಯಾಗಿ ಕೂಡಲಾರದೆ ಭಾಷಾಂತರಣ ಸ್ಥಗಿತಗೊಳ್ಳುತ್ತದೆ. ಗಟ್ಟಿ ಸಿಪ್ಪೆಯ ಬೀಜವನ್ನು ಇಡಿಯಾಗಿ ನುಂಗಿದಾಗ ಅಪಾಯ ಕಡಿಮೆ. ಅಗಿದರೆ ಅಥವಾ ಪುಡಿಮಾಡಿ ಸೇವಿಸಿದರೆ ಪ್ರಾಣಾಂತಕವಾಗಬಹುದು.

ಬೆಂಗಳೂರಿನ ಸಂಶೋಧನೆ

ಮಲ್ಲೇಶ್ವರದ ನೆರೆಯಲ್ಲಿರುವ ಭಾರತೀಯ ವಿಜ್ಞಾನ ಸಂಸ್ಥೆಯ ಜೀವರಸಾಯನಶಾಸ್ತ್ರ ವಿಭಾಗದಲ್ಲಿ ಅಂಜಲಿ ಕರಂದೆ ಮತ್ತು ಸಹೋದ್ಯೋಗಿಗಳು ಅಬ್ರಿನ್‌ನ ಎ ಸರಪಳಿಗೆ ಅಂಟಿಕೊಳ್ಳುವ ಡಿ6ಎಫ್10 ಎಂಬ ಏಕತದ್ರೂಪಿ ಪ್ರತಿಕಾಯವನ್ನು ಅಭಿವೃದ್ಧಿಪಡಿಸಿದರು. ಇದು ಕೃಷಿಕೆಯಲ್ಲಿ ಬೆಳೆಸಿದ ಕೋಶಗಳನ್ನೂ ಇಲಿಗಳನ್ನೂ ಅಬ್ರಿನ್‌ನಿಂದ ರಕ್ಷಿಸಿತು. ಅಬ್ರಿನ್ ವಿಷಬಾಧೆಗೆ ಬಳಕೆಯಲ್ಲಿ ನಿರ್ದಿಷ್ಟ ಪ್ರತಿವಿಷವಿಲ್ಲದಿರುವುದರಿಂದ ಈ ಸಂಶೋಧನೆಗೆ ವಿಶೇಷ ಮಹತ್ವವಿದೆ.