ಜೀನ್ ಗ್ರೇಯ ಎರಡು ಅಂತ್ಯಗಳು

ಚಿತ್ರಕಥೆಯ ಪುಸ್ತಕವೆಂದರೆ ಮಕ್ಕಳ ಓದು ಎಂದು ನಾವು ಬದಿಗಿಡುವುದುಂಟು. ಆದರೆ 1980ರಲ್ಲಿ ಅಮೆರಿಕದ ಮಾರ್ವೆಲ್ ಸಂಸ್ಥೆಯಲ್ಲಿ ಎದ್ದ ಒಂದು ಪ್ರಶ್ನೆಯನ್ನು ಕೇಳಿ. ಅಸಂಖ್ಯ ಜೀವಗಳ ಸಾವಿಗೆ ಕಾರಣಳಾದ ನಾಯಕಿಯನ್ನು ಕಥೆಗಾರ ಕ್ಷಮಿಸಿ ಮನೆಗೆ ಕಳುಹಿಸಬಹುದೇ?

ಆ ನಾಯಕಿಯ ಹೆಸರು ಜೀನ್ ಗ್ರೇ. ಸ್ಟಾನ್ ಲೀ ಮತ್ತು ಜ್ಯಾಕ್ ಕರ್ಬಿ 1963ರಲ್ಲಿ ಹೊರತಂದ 'ಎಕ್ಸ್-ಮೆನ್' ಮೊದಲ ಸಂಚಿಕೆಯಲ್ಲಿ ಅವಳು ಪ್ರೊಫೆಸರ್ ಝೇವಿಯರ್ ಅವರ ಶಾಲೆಗೆ ಬರುತ್ತಾಳೆ. ಅಲ್ಲಿದ್ದ ನಾಲ್ವರೂ ಹುಡುಗರು, ಇವಳೊಬ್ಬಳೇ ಹುಡುಗಿ. ಕೈ ಮುಟ್ಟದೆ, ಮನಸ್ಸಿನಿಂದಲೇ ವಸ್ತುಗಳನ್ನು ಎತ್ತುವುದು ಅವಳ ಶಕ್ತಿ. ಇತರರ ಮನಸ್ಸನ್ನು ಓದುವ ಬಲ ಆಮೇಲೆ ಸೇರಿತು. 'ಮಾರ್ವೆಲ್ ಗರ್ಲ್' ಎಂಬುದು ಅವಳಿಗಿಟ್ಟ ಅಡ್ಡಹೆಸರು.

1970ರಲ್ಲಿ ಪತ್ರಿಕೆಯ ಹೊಸ ಕಥೆಗಳು ನಿಂತವು. 1975ರಲ್ಲಿ ಅದಕ್ಕೆ ಮರುಜೀವ ಬಂತು; ಬೇಗನೆ ಬರವಣಿಗೆ ಕ್ರಿಸ್ ಕ್ಲೇರ್‌ಮಾಂಟ್ ಅವರ ಕೈಸೇರಿತು. 1976ರ ಕಥೆಯಲ್ಲಿ ಸಂಗಡಿಗರನ್ನು ಉಳಿಸಲು ಜೀನ್ ಸೂರ್ಯನ ವಿಕಿರಣದ ನಡುವೆ ಆಕಾಶನೌಕೆಯನ್ನು ನಡೆಸಿ ತರುತ್ತಾಳೆ. ನೌಕೆ ನ್ಯೂಯಾರ್ಕಿನ ಜಮೈಕಾ ಕೊಲ್ಲಿಗೆ ಬೀಳುತ್ತದೆ. ನೀರಿನಿಂದ ಎದ್ದುಬಂದವಳು 'ಫೀನಿಕ್ಸ್', ಬೂದಿಯಿಂದ ಏಳುವ ಹಕ್ಕಿಯ ಹೆಸರಿನವಳು. ಈಗ ಅವಳ ಶಕ್ತಿಗೆ ಮಿತಿಯೇ ಇಲ್ಲ.

ಮುಂದಿನದು ದುರಂತ. ಮಾಸ್ಟರ್‌ಮೈಂಡ್ ಎಂಬ ಮಾಯಾವಿ ಅವಳ ಮನಸ್ಸಿನೊಳಗೆ ಸುಳ್ಳು ನೆನಪುಗಳನ್ನು ಬಿತ್ತುತ್ತಾನೆ. ಅವಳ ಹಿಡಿತ ಕಳಚುತ್ತದೆ. ಹಸಿದ ಅವಳು ಒಂದು ನಕ್ಷತ್ರವನ್ನೇ ನುಂಗುತ್ತಾಳೆ. ಅದನ್ನು ಸುತ್ತುತ್ತಿದ್ದ ಗ್ರಹದ 500 ಕೋಟಿ ಜೀವಗಳು ನಾಶವಾಗುತ್ತವೆ. ಅಂದಿನ ನಮ್ಮ ಭೂಮಿಯ ಜನಸಂಖ್ಯೆಯೂ ಅಷ್ಟಿರಲಿಲ್ಲ.

ಕ್ಲೇರ್‌ಮಾಂಟ್ ಮತ್ತು ಚಿತ್ರಕಾರ ಜಾನ್ ಬರ್ನ್ ಮೊದಲು ಯೋಜಿಸಿದ ಅಂತ್ಯದಲ್ಲಿ ಅವಳ ಶಕ್ತಿಯನ್ನು ಕಿತ್ತುಹಾಕಲಾಗುತ್ತದೆ, ಅವಳು ಬದುಕುತ್ತಾಳೆ. ಪ್ರಧಾನ ಸಂಪಾದಕ ಜಿಮ್ ಶೂಟರ್ ಒಪ್ಪಲಿಲ್ಲ. ಇಷ್ಟು ದೊಡ್ಡ ಹತ್ಯೆಗೆ ಇಷ್ಟು ಸಣ್ಣ ದಂಡವೇ ಎಂಬುದು ಅವರ ವಾದ. ಕೊನೆಯ ಪುಟಗಳನ್ನು ಬದಲಿಸಿ ಬರೆಯಲಾಯಿತು. 1980ರ ಸೆಪ್ಟೆಂಬರ್ ತಾರೀಖಿನ 137ನೇ ಸಂಚಿಕೆಯಲ್ಲಿ ಜೀನ್ ಚಂದ್ರನ ಮೇಲೆ ತಾನಾಗಿ ಪ್ರಾಣ ಬಿಡುತ್ತಾಳೆ. ಕೈಬಿಟ್ಟ ಅಂತ್ಯವೂ 1984ರಲ್ಲಿ ಅಚ್ಚಾಯಿತು. ಓದುಗರು ಎರಡನ್ನೂ ಹೋಲಿಸಿ ನೋಡುವಂತಾಯಿತು.

ಭಸ್ಮಾಸುರನ ಕಥೆ ನಿಮಗೆ ಗೊತ್ತು. ತಲೆಯ ಮೇಲೆ ಕೈಯಿಡುವಾಗ ತಾನು ಮಾಡುತ್ತಿರುವುದೇನೆಂದು ಅವನಿಗೆ ತಿಳಿದಿರಲಿಲ್ಲ. ಮೋಹಿನಿ ಅವನನ್ನು ಮರುಳು ಮಾಡಿದ್ದಳು. ಜೀನ್ ಮರುಳಾಗಿದ್ದಾಗ ತಪ್ಪು ಮಾಡಿದಳು, ತಿಳಿವು ಬಂದಾಗ ಅದರ ಭಾರ ಹೊತ್ತಳು. ಓದುಗರ ಮನಸ್ಸಿನಲ್ಲಿ ಆ ಸಾವು ಉಳಿದದ್ದು ಇದರಿಂದಲೇ.

ಆದರೆ ವ್ಯಾಪಾರಕ್ಕೆ ನಾಯಕಿ ಬೇಕಲ್ಲ! 1986ರಲ್ಲಿ ಅವಳನ್ನು ಮರಳಿ ತಂದರು. ಸತ್ತವಳು ಜೀನ್ ಅಲ್ಲ, ಅವಳ ರೂಪ ತಳೆದ ಒಂದು ವಿಶ್ವಶಕ್ತಿ. ನಿಜವಾದ ಜೀನ್ ಕೊಲ್ಲಿಯ ತಳದಲ್ಲಿ ಮಲಗಿದ್ದಳು ಎಂದು ಕಥೆ ಹೊಸೆದರು. ಹೀಗೆ ಅವಳು ನಿರಪರಾಧಿಯಾದಳು.

ಇಲ್ಲಿ ನೀವೇ ಯೋಚಿಸಿ. ಪಾಪ ಅವಳದಲ್ಲ ಎಂದಾಗ ಆ ತ್ಯಾಗವೂ ಅವಳದಲ್ಲ ಎಂದಾಯಿತು. ಪ್ರಾಣ ಮರಳಿ ಕೊಟ್ಟವರು ಅವಳ ತೀರ್ಮಾನವನ್ನು ಕಸಿದುಕೊಂಡರು. ಮುಂದೆ ಈ ಕಥೆ 2006ರಲ್ಲಿ ಒಮ್ಮೆ, 2019ರಲ್ಲಿ ಇನ್ನೊಮ್ಮೆ ಚಲನಚಿತ್ರವಾಯಿತು. ಹೇಳಿದವರು ಮತ್ತೆ ಮತ್ತೆ ಮರಳಿದ್ದು ಅವಳು ಮರಳಿ ಬಂದ ಪುಟಕ್ಕಲ್ಲ, ಹಿಡಿತ ತಪ್ಪಿದ ಶಕ್ತಿಗೆ ಬೆಲೆ ತೆತ್ತ ಪುಟಕ್ಕೆ.